ಕ್ಯಾಲೆಂಡರಿಗೆ ನಿಂತವಳು

ಆಕೆ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಮದರಾಸಿನ ಒಬ್ಬ ಏಜೆಂಟ. ಗೋಡೆ ಕ್ಯಾಲೆಂಡರುಗಳ ಮಾದರಿಗಳನ್ನು ಸುರುಳಿ ಸುತ್ತಿಕೊಂಡು ವರ್ಷಕ್ಕೊಮ್ಮೆ ಆದೋನಿಗೆ ಬರುತ್ತಾನೆ. ನನ್ನ ಅಂಗಡಿಯಲ್ಲಿ ಕೂತು ನೀರು ಕುಡಿದು, "ಆ ಕ್ಯಾಲೆಂಡರಿಗೆ ನಿಲ್ಲುತ್ತಿದ್ದಾಕೆ, ನಿಮ್ಮ ಊರಿನಾಕೆ ಅಂತಲ್ಲ, ಹೋದ ಬೇಸಿಗೆಯಲ್ಲಿ ಹೋಗಿಬಿಟ್ಟಳು" ಎಂದ. ಆಮೇಲೆ ಸೋಪಿನ ಕ್ಯಾಲೆಂಡರಿನ ಮಾತಿಗೆ ಬಂದ.

ನನಗೆ ದುಃಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆಕೆ ನನಗೆ ಬೇಕಾದವಳಲ್ಲ. ನಾನೂ ಆಕೆಗೆ ಬೇಕಾದವನಲ್ಲ. ಆಕೆಯ ಮುಖದ ಮೇಲೆ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಆ ನಾಲ್ಕು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದು ಒಳ್ಳೆಯ ಮಾತು ನಡೆದ ನೆನಪಿಲ್ಲ. ಆದರೂ ಬರೆಯುತ್ತಿದ್ದೇನೆ. ಒಂದು ದಿನ ನಾನು ಕಂಡದ್ದನ್ನು ಕಂಡಂತೆ ಹೇಳಬಲ್ಲವರು ಈಗ ಬೇರೆ ಯಾರೂ ಉಳಿದಿಲ್ಲ.

ಆಗ ಆದೋನಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಯುದ್ಧದ ಕಾಲ. ಕೋಟೆ ಬೆಟ್ಟದ ಕೆಳಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಡಿಗೆ ಉತ್ತರದ ಕಡೆ ಗಾಜು ಹಾಕಿದ್ದರು, ಬೆಳಕೆಲ್ಲ ಅಲ್ಲಿಂದಲೇ. ಮಾಲೀಕರನ್ನು ಊರೆಲ್ಲ ಫೋಟೋ ಮಾಸ್ತರು ಎನ್ನುತ್ತಿತ್ತು. ನಾನು ಅವರ ಹತ್ತಿರ ಪ್ಲೇಟು ತಿದ್ದುವ ಕೆಲಸಕ್ಕಿದ್ದೆ. ಗಾಜಿನ ಪ್ಲೇಟಿನಲ್ಲಿ ಕಪ್ಪು ಬಿಳಿ ತಿರುಗಾಮುರುಗಾ ಇರುತ್ತದೆ. ಮುಖದ ಮೇಲಿನ ಕಪ್ಪು ಮಚ್ಚೆ ಅಲ್ಲಿ ಖಾಲಿ ಚುಕ್ಕೆಯಾಗಿ ಕಾಣುತ್ತದೆ. ಮೊನೆ ಮಾಡಿದ ಪೆನ್ಸಿಲ್ಲಿನಿಂದ ಅದನ್ನು ತುಂಬಿದರೆ ಪಟದಲ್ಲಿ ಮಚ್ಚೆ ಇರುವುದಿಲ್ಲ. ಎಲ್ಲಿಯಾದರೂ ಕಪ್ಪು ಬೇಕಿದ್ದರೆ ಸಣ್ಣ ಚೂರಿಯಿಂದ ಮೆಲ್ಲಗೆ ಹೆರೆಯಬೇಕು. ಸಿಡುಬಿನ ಕಲೆ, ಮೆಳ್ಳೆಗಣ್ಣು, ಮುದಿತನ, ಎಲ್ಲವೂ ನನ್ನ ಮೇಜಿನ ಮೇಲೆ ಕರಗುತ್ತಿದ್ದವು.

ಒಂದು ಮಧ್ಯಾಹ್ನ ಆಕೆ ತಾನಾಗಿಯೇ ಬಂದಳು. ಚಿಪ್ಪಗಿರಿ ಕಡೆಯ ಹಳ್ಳಿಯವಳು, ಕುರಿಯವರ ಮನೆತನ. ಗಂಡ ಬಿಟ್ಟುಹೋದ ಮೇಲೆ ತಾಯಿಯನ್ನು ಕರೆದುಕೊಂಡು ಆದೋನಿಗೆ ಬಂದು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿಗೆ ಸೇರಿದ್ದಳು. ತಲೆಯ ಮೇಲೆ, ರೆಪ್ಪೆಯ ಮೇಲೆ ಹತ್ತಿಯ ಧೂಳು ಹಾಗೇ ಇತ್ತು.

"ಪಟಕ್ಕ ನಿಂದ್ರಾಕ ಹೆಣ್ಮಗಳು ಬೇಕಂತಲ್ಲ ನಿಮಗ?" ಎಂದಳು.

ಮಾತು ನಿಜ. ಬೀಡಿಯವರು, ಸೈಕಲ್ಲಿನವರು, ಎಣ್ಣೆಯವರು ಎಲ್ಲರಿಗೂ ಹೆಣ್ಣಿನ ಚಿತ್ರ ಬೇಕಾಗಿತ್ತು. ಯಾರ ಮನೆಯ ಹೆಣ್ಣುಮಕ್ಕಳೂ ನಿಲ್ಲುತ್ತಿರಲಿಲ್ಲ. ನಾಟಕದ ಕಂಪನಿ ಬಂದಾಗ ಅವರಲ್ಲೊಬ್ಬಳನ್ನು ಕರೆದು ತೆಗೆಯಬೇಕಿತ್ತು.

ಮಾಸ್ತರು ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಹುಬ್ಬಿಗೇನಾಗೇದ?" ಎಂದರು. ಎಡ ಹುಬ್ಬು ನಡುವೆ ಸೀಳಿತ್ತು.

"ಟಗರು ಗುದ್ದೇತಿ. ಸಣ್ಣಾಕಿ ಇದ್ದಾಗ."

"ಅದನ್ನ ನಮ್ಮ ಆಚಾರ್ರು ತಿದ್ದತಾರ, ಬಿಡು."

ಆಕೆ ನನ್ನ ಕಡೆ ತಿರುಗಿದಳು. "ಅದನ್ನ ಮುಟ್ಟಬ್ಯಾಡ್ರಿ ಆಚಾರ್ರ. ಉಳಿದದ್ದು ಏನು ಬೇಕಾದ್ರೂ ಹೆರ್ಕೋರಿ. ಹುಬ್ಬು ನಂದು."

ಯಾಕೆಂದು ಆಗ ಕೇಳಲಿಲ್ಲ. ಬಹಳ ದಿನದ ಮೇಲೆ ಯಾರೋ ಕೇಳಿದ್ದಕ್ಕೆ ಆಕೆ ಹೇಳಿದ್ದು: "ಚೆಂದನ ಮಾರಿ ಊರಿಗೊಂದು ಸಿಗ್ತಾವು. ನಾಳೆ ಈ ಹೆಣ್ಣೇ ಬೇಕು ಅಂತ ಯಾರರ ಕೇಳಬೇಕಾದ್ರ ಗುರ್ತು ಹಿಡಿಯಾಕ ಒಂದು ಬೇಕಲ್ಲ." ಕೂಲಿಯಿಂದ ಬಿಡಿಸಿಕೊಂಡು ಇದರಲ್ಲೇ ಬದುಕು ಕಟ್ಟಬೇಕೆಂಬುದನ್ನು ಆಕೆ ಮೊದಲ ದಿನವೇ ತೀರ್ಮಾನಿಸಿಕೊಂಡು ಬಂದಿದ್ದಳು. ಬೇರೆ ಯಾವ ಆಸೆಯನ್ನೂ ನಾನು ಆಕೆಯಲ್ಲಿ ಕಾಣಲಿಲ್ಲ.

ಆಕೆಯ ಕಟ್ಟಳೆಗಳು ಮೂರು. ಸ್ಟುಡಿಯೋದ ಬಾಗಿಲು ತೆರೆದಿರಬೇಕು. ತಾಯಿ ಹೊಸ್ತಿಲಲ್ಲಿ ಕೂತಿರಬೇಕು. ಮುದುಕಿ ಅಲ್ಲಿ ಕೂತು ಕುರಿಯ ಉಣ್ಣೆ ನೂಲುತ್ತಿದ್ದಳು. ಮೂರನೆಯದು, ಮೈ ಮುಟ್ಟಬಾರದು. ಒಮ್ಮೆ ಸೆರಗು ಸರಿಪಡಿಸಲು ಮಾಸ್ತರು ಮುಂದೆ ಹೋದರು. ಆಕೆ ಕದಲಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಬಾಯಿ ಐತಲ್ಲ ಮಾಸ್ತರ, ಕೈ ಯಾಕ?"

ಹೊಸ್ತಿಲಲ್ಲಿ ಮುದುಕಿಯ ಕದಿರು ನಿಂತಿತು. ಮಾಸ್ತರು ಹಿಂದೆ ಸರಿದರು. ಅಂದಿನಿಂದ "ಎಡಕ್ಕ, ಸ್ವಲ್ಪ ಮ್ಯಾಲ" ಎಂದು ಬಾಯಲ್ಲೇ ಹೇಳತೊಡಗಿದರು.

ಅವರು ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ಯುದ್ಧದಿಂದಾಗಿ ಪ್ಲೇಟುಗಳು ಸಿಗುತ್ತಿರಲಿಲ್ಲ. ಬೇರೆಯವರು ರೆಪ್ಪೆ ಬಡಿದು, ನಕ್ಕು, ಒಂದು ಪಟಕ್ಕೆ ಎರಡು ಪ್ಲೇಟು ಕೆಡಿಸುತ್ತಿದ್ದರು. ಆಕೆ ಒಂದನ್ನೂ ಕೆಡಿಸಲಿಲ್ಲ. ಬಯಲಲ್ಲಿ ಕುರಿ ಕಾಯುವವರು ಕೋಲಿಗೆ ಒರಗಿ, ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು, ಎಷ್ಟು ಹೊತ್ತಾದರೂ ಹಾಗೇ ನಿಂತಿರುತ್ತಾರೆ. ಸೊಂಟ ಒಂದು ಕಡೆ ವಾಲಿರುತ್ತದೆ, ಕಣ್ಣು ದೂರದಲ್ಲಿರುತ್ತದೆ. ಆಕೆಗೆ ಅದು ಹುಟ್ಟಿನಿಂದ ಬಂದ ನಿಲುವು. ಮಾಸ್ತರು ಕೋಲು ತೆಗೆದು ಸೈಕಲ್ಲು ಕೊಟ್ಟರು, ಕೊಡೆ ಕೊಟ್ಟರು, ಕೊಡ ಕೊಟ್ಟರು. ನಿಲುವು ಅದೇ. ಮುಂಬಯಿಯ ಅಚ್ಚುಕೂಟದವರು ಈ ನಿಲುವನ್ನು ಯಾವ ಕಲಾವಿದ ಹೇಳಿಕೊಟ್ಟನೆಂದು ಮಾಸ್ತರನ್ನು ಕೇಳಿದ್ದರಂತೆ. ತಾನೇ ಎಂದು ಮಾಸ್ತರು ಹೇಳಿಕೊಂಡರು.

ಆಕೆಯ ಪಟಗಳಲ್ಲಿ ಕೆಲವು ಅಂಗೈಯಗಲದ ಕಾರ್ಡುಗಳಾದವು. ಗುಂತಕಲ್ಲು ಜಂಕ್ಷನ್ನಿನಲ್ಲಿ ಸಿಪಾಯಿಗಳ ಗಾಡಿ ನಿಂತಾಗ ಅವನ್ನು ಮಾರುತ್ತಿದ್ದರು. ಸಿಪಾಯಿಗಳು ಕೊಂಡು ತಮ್ಮ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಳ್ಳುತ್ತಿದ್ದರು. ಆಕೆ ಒಂದು ದಿನ ಗುಂತಕಲ್ಲಿಗೆ ಹೋಗಿ, ಸೆರಗನ್ನು ತಲೆತುಂಬ ಹೊದ್ದು, ಪ್ಲಾಟ್‌ಫಾರಂ ಮೇಲೆ ಕಡಲೆಕಾಯಿ ತಿನ್ನುತ್ತ ಕೂತು ಯಾವ ಕಾರ್ಡು ಮೊದಲು ಖರ್ಚಾಗುತ್ತದೆಂದು ನೋಡಿಕೊಂಡು ಬಂದಳು.

"ಇನ್ನ ಮ್ಯಾಲೆ ಮಂಚದ ಮ್ಯಾಲೆ ಒರಗಿದ್ದು ತೆಗೀಬ್ಯಾಡ್ರಿ ಮಾಸ್ತರ" ಎಂದಳು. "ಮಲಗಿದಾಕಿನ್ನ ಯಾರೂ ಕೇಳಂಗಿಲ್ಲ. ಎಲ್ಲಿಗೋ ಹೊಂಟಾಕಿನ್ನ ಕೊಳ್ತಾರ."

"ನನಗ ಫೋಟೋ ಹೇಳಿಕೊಡ್ತೀಯೇನು?"

"ಫೋಟೋ ನಿಮ್ದು. ಮಾರಿ ನಂದು. ಮಾರಾಟ ಇಬ್ಬರ್ದೂ."

ಇಷ್ಟು ಓದಿದವರು ಆಕೆ ಒಳ್ಳೆಯವಳಿರಬೇಕು ಎಂದುಕೊಳ್ಳಬಾರದು. ಆಕೆ ಕಟುಕಿ. ತಾಯಿಯನ್ನು ಎಲ್ಲರೆದುರು "ಮುದುಕಿ, ಬಾಯಿ ಮುಚ್ಚು" ಎನ್ನುತ್ತಿದ್ದಳು. ನಾನು ಮಡಿಯಲ್ಲಿ ತಂದ ನೀರಿನ ತಂಬಿಗೆಯನ್ನು ಬೇಕೆಂದೇ ದಾಟಿಹೋಗಿ, "ಆಚಾರ್ರ, ನಿಮ್ಮ ನೀರಿಗೆ ನನ್ನ ನೆಳ್ಳು ಬಿತ್ತು, ಚೆಲ್ರಿ" ಎನ್ನುತ್ತಿದ್ದಳು. ಚೆಲ್ಲಿದರೆ ನಗುತ್ತಿದ್ದಳು, ಚೆಲ್ಲದಿದ್ದರೆ ಇನ್ನೂ ನಗುತ್ತಿದ್ದಳು. ಜಿನ್ನಿನಲ್ಲಿ ಜೊತೆಗೆ ದುಡಿದ ಒಬ್ಬ ಹುಡುಗಿ ಒಮ್ಮೆ ಬಂದು, "ಅಕ್ಕಾ, ನನಗೂ ಒಂದು ಪಟ ತೆಗೀರಿ ಅಂತ ಹೇಳಬೇ" ಎಂದು ಕೈ ಹಿಡಿದಳು. ಆಕೆ ಕೈ ಬಿಡಿಸಿಕೊಂಡು, ಗೋಡೆಯ ಕನ್ನಡಿಯ ಮುಂದೆ ಆ ಹುಡುಗಿಯನ್ನು ಭುಜ ಹಿಡಿದು ನಿಲ್ಲಿಸಿ, "ನೋಡ್ಕೋ. ನೋಡ್ಕೊಂಡು ನೀನ ಹೇಳು" ಎಂದಳು. ಹುಡುಗಿ ಅಳುತ್ತ ಹೋದಳು. ನನಗೆ ಆಕೆಯ ಮೇಲೆ ಅಂದಿನಷ್ಟು ಅಸಹ್ಯ ಬೇರೆಂದೂ ಬಂದಿರಲಿಲ್ಲ.

ಊರು ಆಕೆಗಿಂತ ಮೆತ್ತಗೇನೂ ಇರಲಿಲ್ಲ. ಜಿನ್ನಿನವರು ಕೆಲಸದಿಂದ ತೆಗೆದರು. ಮುದುಕಿಯನ್ನು ಬಾವಿಯ ಹತ್ತಿರ ಬರಗೊಡಲಿಲ್ಲ. ಸ್ಟುಡಿಯೋದ ಗಾಜಿನ ಮಾಡಿಗೆ ಕಲ್ಲು ಬಿದ್ದವು. ಅದೇ ಓಣಿಯ ಗಂಡಸರು ಆಕೆಯ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಒಬ್ಬ ಕರಣಿಕನ ಜೇಬಿನಿಂದ ಅದು ನಮ್ಮ ಸ್ಟುಡಿಯೋದ ಮುಂದೆಯೇ ಜಾರಿ ಬಿತ್ತು. ಆತ ಅದನ್ನು ಎತ್ತಿಕೊಂಡು, ಮಣ್ಣು ಒರೆಸಿ, ನನ್ನ ಕಡೆ ನೋಡಿ, ಆಕೆಯ ಬಗ್ಗೆ ಕೆಟ್ಟ ಮಾತೊಂದನ್ನು ಆಡಿ, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೋದ.

ಆ ವರ್ಷ ಎಣ್ಣೆ ಮಿಲ್ಲಿನ ಸಾವ್ಕಾರರು ಮಾಸ್ತರಿಗೆ ಎರಡು ಕೆಲಸ ಕೊಟ್ಟರು. ಎಣ್ಣೆ ಡಬ್ಬಿಗೆ ಅಂಟಿಸಲು ದೀಪ ಹಿಡಿದ ಹೆಣ್ಣಿನ ಚೀಟಿ ಒಂದು. ದೀಪಾವಳಿಯ ಲಕ್ಷ್ಮೀಪೂಜೆಗೆ ಗಿರಾಕಿಗಳಿಗೆಲ್ಲ ಹಂಚಲು ಲಕ್ಷ್ಮಿಯ ಕ್ಯಾಲೆಂಡರು ಇನ್ನೊಂದು. ಚೀಟಿಗೆ ಆಕೆ ನಿಂತಳು. ಮಾಸ್ತರು ಆ ಫೋಟೋವನ್ನೂ, ಕ್ಯಾಲೆಂಡರಿನ ಬೇಡಿಕೆಯನ್ನೂ ಒಂದೇ ಕಟ್ಟಿನಲ್ಲಿ ಮುಂಬಯಿಗೆ ಕಳಿಸಿದರು. ಅಲ್ಲಿಯ ಚಿತ್ರಗಾರರು ದೇವಿಯನ್ನು ಬರೆಯುವಾಗಲೂ ಎದುರಿಗೆ ಒಂದು ಹೆಣ್ಣಿನ ಫೋಟೋ ಇಟ್ಟುಕೊಳ್ಳುತ್ತಾರೆ. ಅದು ಅವರ ಕೆಲಸದ ರೂಢಿ. ಕಟ್ಟಿನಲ್ಲಿ ಇದ್ದದ್ದು ಒಂದೇ ಫೋಟೋ. ಎರಡು ಕೆಲಸಕ್ಕೂ ಅದೇ ಎಂದುಕೊಂಡರು.

ಪಾರ್ಸಲು ಬಿಚ್ಚಿದಾಗ ನಾನಿದ್ದೆ. ಡಬ್ಬಿಯ ಚೀಟಿಯಲ್ಲಿ ಮುಖ ಹೆಬ್ಬೆಟ್ಟಿನಷ್ಟು, ಯಾರದಾದರೂ ಆಗಬಹುದಿತ್ತು. ಕ್ಯಾಲೆಂಡರಿನಲ್ಲಿ ತಾವರೆಯ ಮೇಲೆ ನಿಂತ ಲಕ್ಷ್ಮಿ, ಅಂಗೈಯಷ್ಟು ದೊಡ್ಡ ಮುಖ, ಎಡ ಹುಬ್ಬು ನಡುವೆ ಸೀಳಿದ್ದು. ಚಿತ್ರಗಾರ ಕಂಡದ್ದನ್ನು ಕಂಡಂತೆ ಬರೆದಿದ್ದ.

"ಮಾಸ್ತರೇ" ಎಂದೆ.

"ನನಗೂ ಕಣ್ಣು ಅವ" ಎಂದರು. "ಹಬ್ಬ ನಾಲ್ಕು ದಿನ ಅದ. ಬೇರೆ ಅಚ್ಚು ಮಾಡಸ್ಲಿಕ್ಕೆ ಆಗಂಗಿಲ್ಲ. ಸಾವ್ಕಾರ್ರು ನೋಡಿದರ ನೋಡಿದರು."

ಸಾವ್ಕಾರರು ನೋಡಿದರು, ಕೈ ಮುಗಿದರು, ಹಂಚಿದರು. ಆದೋನಿಯ ಮನೆಮನೆಯಲ್ಲಿ ಅದು ದೇವರ ಕೋಣೆ ಸೇರಿತು. ಕೆಲವರು ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದರು. ಈ ಲಕ್ಷ್ಮಿ ಹುಬ್ಬು ಹಾರಿಸಿ ಏನೋ ಕೇಳುವ ಹಾಗೆ ಕಾಣುತ್ತಾಳೆ, ಬಹಳ ಜಾಗೃತ ದೇವತೆ ಎಂದು ನಮ್ಮ ಮನೆಯಲ್ಲೇ ಹೆಂಗಸರು ಮಾತಾಡಿಕೊಂಡರು. ನಮ್ಮ ಮನೆಯೆಂದರೆ ನನ್ನ ಸೋದರಮಾವನ ಮನೆ. ತಂದೆ ಇಲ್ಲದ ನನ್ನನ್ನು ಸಾಕಿದವರು ಅವರು. ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರು. ಇಪ್ಪತ್ತು ವರ್ಷದಲ್ಲಿ ಒಂದು ಹುಡುಗನ ಕಿವಿಯನ್ನೂ ಹಿಂಡಿದವರಲ್ಲ. ದಿನಾ ಬೆಳಿಗ್ಗೆ ಆ ಪಟಕ್ಕೆ ತಾವೇ ಹೂವಿನ ಸರ ಏರಿಸಿ, ಹಣೆಗೆ ಕುಂಕುಮ ಇಡುತ್ತಿದ್ದರು.

ಬೇಸಿಗೆಯ ಹೊತ್ತಿಗೆ ಗುಟ್ಟು ಹೊರಬಿತ್ತು. ಆಕೆ ಕನ್ನಡಿಯ ಮುಂದೆ ನಿಲ್ಲಿಸಿದ್ದಳಲ್ಲ, ಆ ಹುಡುಗಿ ಕೂಲಿ ಕೇಳಲು ಸಾವ್ಕಾರರ ಮಿಲ್ಲಿಗೆ ಹೋಗಿದ್ದಾಗ ಅವರ ಗದ್ದುಗೆಯ ಮೇಲೆ ಗೋಡೆಗೆ ತೂಗಿದ್ದ ಲಕ್ಷ್ಮಿಯನ್ನು ಕಂಡು ಗಟ್ಟಿಯಾಗಿ ನಕ್ಕುಬಿಟ್ಟಳು. "ಯವ್ವಾ, ಇದು ನಮ್ಮ ಟಗರು ಗುದ್ದಿದಾಕಿ ಅಲ್ಲೇನು!" ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು.

ಮಾರನೆಯ ದಿನ ಮಿಲ್ಲಿನ ಅಂಗಳದಲ್ಲಿ ಹಿರಿಯರು ಕೂಡಿದರು. ಮಾಸ್ತರು ಅಷ್ಟರಲ್ಲಿ ಸ್ಟುಡಿಯೋಕ್ಕೆ ಬೀಗ ಹಾಕಿ ಬಳ್ಳಾರಿಗೆ ಹೋಗಿದ್ದರು. ಎಲ್ಲರಿಗಿಂತ ಹೆಚ್ಚು ಕೂಗಾಡಿದವರು ಸಾವ್ಕಾರರು. ಹಂಚಿದವರು ಅವರೇ ಆದ್ದರಿಂದ ಹಾಗೆ ಕೂಗದೆ ಅವರಿಗೆ ಗತಿಯಿರಲಿಲ್ಲ. "ಏಮಿ ಕರ್ಮರಾ ಇದಿ! ಎಂಥಾ ಕರ್ಮ ಇದು! ನನ್ನ ದುಡ್ಡಿನಾಗ, ನನ್ನ ಹೆಸರಿನಾಗ!" ಎಂದು ತೊಡೆ ಬಡಿದುಕೊಂಡರು. ಸುಟ್ಟುಬಿಡೋಣ ಎಂದರು ಕೆಲವರು. ಪೂಜೆಗೊಂಡ ಪಟವನ್ನು ಸುಡಬಾರದು ಎಂದರು ನನ್ನ ಮಾವ. ಹರಿಯುವಂತಿಲ್ಲ, ಬೀದಿಗೆ ಹಾಕುವಂತಿಲ್ಲ. ತುಂಗಭದ್ರೆಗೆ ಬಿಡುವುದೊಂದೇ ದಾರಿ. ಹಾಗಾದರೆ ಯಾರು ಒಯ್ಯಬೇಕು? ಇನ್ನು ಅದನ್ನು ಮುಟ್ಟಲು ಯಾರೂ ತಯಾರಿರಲಿಲ್ಲ.

"ಯಾರ ಮುಖವೋ ಅವಳೇ ಒಯ್ಯಲಿ" ಎಂದರು ಮಾವ. ಮೆಲ್ಲಗೇ ಹೇಳಿದರು. "ಮನಿಮನಿಗೆ ಬಂದು, ಹೊರಗ ನಿಂತು, ಇಸ್ಕೊಂಡು ಹೋಗಲಿ. ಹೊಳಿಗೆ ಬಿಟ್ಟ ಮ್ಯಾಲೆ ಈ ಊರಾಗ ಇರಬೇಕಂದರ ಪಟಕ್ಕ ನಿಂದ್ರೂದು ಬಿಡಲಿ."

ಆಕೆಯನ್ನು ಕರೆಸಿದರು. ಆಕೆ ಕೇಳಿಸಿಕೊಂಡು ನಿಂತಳು. ಆಗಲೂ ಭಾರ ಒಂದೇ ಕಾಲಿನ ಮೇಲೆ.

"ಆಗ್ಲಿ" ಎಂದಳು. "ಆದ್ರ ನಾ ಬೇಡಾಕಿ ಅಲ್ಲ. ಬಾಗಲಾಗ ನಿಂತು ಕೂಗಂಗಿಲ್ಲ. ಮನಿಯವರ ತಂದು ಕೊಡಬೇಕು."

"ಮಾತು ನೋಡು ಇದರದು!" ಎಂದರು ಸಾವ್ಕಾರರು.

ಅದಕ್ಕೂ ಒಪ್ಪಿದರು. ಎಲ್ಲವನ್ನೂ ನದಿಗೆ ಬಿಟ್ಟಳೆಂಬುದಕ್ಕೆ ಸಾಕ್ಷಿಯಾಗಿ ನಾನು ಹೋಗಬೇಕೆಂದೂ, ಹೊಳೆಯ ದಡದಲ್ಲಿ ಮಂತ್ರ ಹೇಳಬೇಕೆಂದೂ ಆಯಿತು.

ಬೆಳಿಗ್ಗೆ ಹೊರಟೆವು. ಮುಂದೆ ಬಿದಿರ ಬುಟ್ಟಿ ಹೊತ್ತ ಆಕೆ, ಹಿಂದೆ ತಾಯಿ, ಅವರಿಂದ ಹತ್ತು ಮಾರು ದೂರದಲ್ಲಿ ನಾನು. ಹೆಂಗಸರು ಪಟವನ್ನು ಎರಡು ಬೆರಳಲ್ಲಿ ಹಿಡಿದು ತಂದು, ಮೇಲಿಂದ ಬುಟ್ಟಿಗೆ ಬೀಳಿಸಿ, ಹೊಸ್ತಿಲಿಗೆ ನೀರು ಹಾಕಿದರು. ಕೆಲವರು ಉಗುಳಿದರು. "ನಮ್ಮ ಕೈಲೆ ಪೂಜಿ ಮಾಡಿಸ್ಕೊಂಡಳಲ್ರೇ ರಂಡಿ" ಎಂದು ಒಬ್ಬಾಕೆ ಕೂಗಿದಳು. ಈಕೆ, ಬಿದ್ದ ಪಟ ಮಡಿಸಿಕೊಂಡರೆ ಎತ್ತಿ, ನೇರ ಮಾಡಿ, ಮತ್ತೆ ಇಡುತ್ತಿದ್ದಳು. ಅಷ್ಟು ಜೋಪಾನ ಯಾಕೆಂದು ನನಗೆ ತಿಳಿಯಲಿಲ್ಲ.

ಬಿಸಿಲೇರುವ ಹೊತ್ತಿಗೆ ನಮ್ಮ ಮನೆ ಬಂತು. ಮಾವ ಸ್ನಾನ ಮುಗಿಸಿ, ನಾಮ ಮುದ್ರೆ ಹಚ್ಚಿಕೊಂಡು, ಚೌಕಟ್ಟಿನ ಪಟವನ್ನು ತಾವೇ ಹೊರಗೆ ತಂದರು. ಅದಕ್ಕೆ ಹಿಂದಿನ ದಿನದ ಸರ ಹಾಗೇ ಇತ್ತು. ಇಲ್ಲಿಂದ ಮುಂದೆ ನಾನು ಕಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ. ಅವರು ಸರವನ್ನು ನಿಧಾನವಾಗಿ ಬಿಡಿಸಿದರು. ದಾರಕ್ಕೆ ಸಿಕ್ಕ ಒಂದು ಎಸಳನ್ನು ಬಿಡಿಸಿಕೊಂಡರು. ಸರವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತುಳಸಿಕಟ್ಟೆಯ ಮೇಲೆ ಇಟ್ಟರು. ಮೆಟ್ಟಿಲಿಳಿದು ಬಂದರು. ಆಕೆ ಬುಟ್ಟಿಯನ್ನು ಮುಂದೆ ಹಿಡಿದಳು. ಅವರು ಚೌಕಟ್ಟನ್ನು ಎರಡು ಕೈಯಲ್ಲೂ ಎತ್ತಿ ಆಕೆಯ ಮುಖಕ್ಕೆ ಹೊಡೆದರು.

ಗಾಜು ಒಡೆಯಿತು. ಮುದುಕಿ ಕೂಗಿಕೊಂಡಳು. ಮಾವ ಉಸಿರೂ ಏರದೆ, ಕಾಲು ತೊಳೆದುಕೊಂಡು ಒಳಗೆ ಹೋದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಪೂಜೆಯಲ್ಲಿ ಮುಂದಿನ ಉಪಚಾರಕ್ಕೆ ಹೋಗುವವರಂತೆ ಇದ್ದರು.

ಆಕೆಯ ಬಲಗೆನ್ನೆ ಕಣ್ಣಿನ ಕೆಳಗಿಂದ ತುಟಿಯ ಹತ್ತಿರದವರೆಗೆ ಸೀಳಿತ್ತು. ಸೆರಗು ಒತ್ತಿ ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಚೌಕಟ್ಟಿನಿಂದ ಗಾಜಿನ ಚೂರುಗಳನ್ನು ಒಂದೊಂದೇ ತೆಗೆದು, ಪಟವನ್ನು ಬಿಡಿಸಿ ಬುಟ್ಟಿಗೆ ಹಾಕಿದಳು. ಆಮೇಲೆ ಉಳಿದ ಓಣಿಗಳಿಗೆ ನಡೆದಳು. ರಕ್ತ ಕಂಡ ಮೇಲೆ ಜನ ಸುಮ್ಮನಾಗುತ್ತಾರೆಂದು ನಾನು ಎಣಿಸಿದ್ದೆ. ಆಗಲಿಲ್ಲ. ಪಂಡಿತರೇ ಹೊಡೆದರಂತೆ ಎಂಬ ಮಾತು ನಮಗಿಂತ ಮುಂದೆ ಓಡಿತ್ತು. ಮುಂದಿನ ಓಣಿಗಳಲ್ಲಿ ಜನರ ಬಾಯಿಗೆ ಇನ್ನಷ್ಟು ಬಲ ಬಂದಿತ್ತು.

ಸಂಜೆ ಸ್ಟೇಷನ್ನಿಗೆ ಬಂದೆವು. ಹೊಳೆಗೆ ಹೋಗಬೇಕಾದರೆ ರಾಯಚೂರಿನ ಕಡೆ ಗಾಡಿ ಹತ್ತಿ ತುಂಗಭದ್ರ ಸ್ಟೇಷನ್ನಿನಲ್ಲಿ ಇಳಿಯಬೇಕು. ಅದು ಬರುವುದಿನ್ನೂ ತಡವಿತ್ತು. ಆಕೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ನನ್ನೆದುರು ಬಂದು ನಿಂತಳು. ಸೆರಗು ತೆಗೆದು ಕೆನ್ನೆಯನ್ನು ಬೆಳಕಿಗೆ ತಿರುಗಿಸಿದಳು.

"ನೋಡ್ರಿ. ಇದು ಮಾಯ್ತೈತೇನು, ಕಲಿ ಉಳಿತೈತೇನು?"

"ನಾನು ವೈದ್ಯ ಅಲ್ಲ."

"ಮಾರಿ ನೋಡೂದು ನಿಮಗ ಬಿಟ್ರ ಯಾರಿಗೆ ಗೊತ್ತೈತಿ? ಸುಳ್ಳು ಹೇಳಬ್ಯಾಡ್ರಿ."

ನೋಡಿದೆ. ಸೀಳು ಉದ್ದವಿತ್ತು, ಆದರೆ ತೊಗಲು ಮಾತ್ರ ಹರಿದಿತ್ತು. ಅಂಚು ನೇರವಾಗಿತ್ತು. ಹಾಗೆಂದು ಹೇಳಿದೆ. ಆಕೆ ಒಮ್ಮೆ ಕಣ್ಣು ಮುಚ್ಚಿದಳು. ಅಂದು ಆಕೆ ಹೆದರಿದ್ದಳೆಂದು ನನಗೆ ತಿಳಿದದ್ದು ಅಷ್ಟರಿಂದಲೇ.

ಎದುರು ಕಡೆಯಿಂದ ಗಾಡಿ ಬಂತು. ಗುಂತಕಲ್ಲಿನ ಮೇಲೆ ಮದರಾಸಿಗೆ ಹೋಗುವ ಗಾಡಿ. ಆಕೆ ಪಟಗಳನ್ನೆಲ್ಲ ತಾಯಿಯ ಕಂಬಳಿಯಲ್ಲಿ ಸುತ್ತಿ ಕಟ್ಟಿ, ಬುಟ್ಟಿಯನ್ನು ಅಲ್ಲೇ ಬಿಟ್ಟು, ತಾಯಿಯನ್ನು ಮೊದಲು ಹತ್ತಿಸಿದಳು.

"ಇದು ಹೊಳಿ ಕಡೆ ಗಾಡಿ ಅಲ್ಲ" ಎಂದೆ.

"ಗೊತ್ತೈತಿ."

"ಪಟ ಹೊಳಿಗೆ ಬಿಡಬೇಕು."

"ಬಿಡಾಕ ಹುಚ್ಚು ಹಿಡದೈತೇನು ನನಗ?" ಕಿಟಕಿಯ ಕಂಬಿ ಹಿಡಿದು ಬಗ್ಗಿದಳು. "ಮದರಾಸಿನಾಗ ಅಚ್ಚಿನವರ ಮುಂದ ಹೋಗಿ ನನ್ನ ಪಟ ಊರೆಲ್ಲ ತೂಗ್ಯಾಡ್ತಿತ್ತು ಅಂದ್ರ ನಂಬ್ತಾರೇನು? ನನ್ನಂಗ ದಿನಾ ಹತ್ತು ಮಂದಿ ಬರ್ತಿರ್ತಾರ. ಈ ಕುಂಕುಮ ನೋಡಿದ್ರ ನಂಬ್ತಾರ. ಒಂದೊಂದರ ಮ್ಯಾಲೂ ಐತಿ. ಎಣ್ಣಿ, ಅರಿಷಿಣ, ಹೂವಿನ ಕಲಿ, ಎಲ್ಲಾ ಐತಿ. ನಿಮ್ಮ ಮಾವ ಕೊಟ್ಟದ್ದರ ಮ್ಯಾಲೆ ಎಲ್ಲಾದಕಿಂತ ಜಾಸ್ತಿ ಐತಿ."

"ಊರಿಗೆ ಏನು ಹೇಳಲಿ?"

"ನಿಮಗ ಸಾಕ್ಷಿ ಕೆಲಸ ಕೊಟ್ಟಾರಲ್ಲ. ಕಂಡದ್ದು ಹೇಳ್ರಿ. ತಿದ್ದಬ್ಯಾಡ್ರಿ."

ಗಾಡಿ ಹೊರಟಿತು. ನನಗೆ ಕೈ ಬೀಸಲಿಲ್ಲ, ಹೋಗಿಬರುತ್ತೇನೆ ಎನ್ನಲಿಲ್ಲ. ಆಮೇಲಿನ ಮೂವತ್ತು ವರ್ಷ ಆಕೆಯನ್ನು ನಾನು ಬೀಡಿಯವರ, ಸೋಪಿನವರ, ಹೊಲಿಗೆ ಯಂತ್ರದವರ ಗೋಡೆಯ ಮೇಲೆ ಮಾತ್ರ ಕಂಡೆ.

ಮನೆಗೆ ಬಂದಾಗ ಮಾವ ಊಟಕ್ಕೆ ಕೂರುವವರಿದ್ದರು. ಹೊಳೆಗೆ ಬಿಟ್ಟಳೇ ಎಂದು ಕೇಳಿದರು. ಇಲ್ಲ, ಕಟ್ಟಿಕೊಂಡು ಮದರಾಸಿನ ಗಾಡಿ ಹತ್ತಿದಳು ಎಂದೆ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ದನಿ ತಗ್ಗಿಸಿ, "ಗಾಯ ಆಳ ಆಗಿತ್ತೇನಪ್ಪಾ?" ಎಂದು ಕೇಳಿದರು.

ಅವರಿಗೆ ಪಶ್ಚಾತ್ತಾಪವಾಗಿದೆ, ಇವರು ನನ್ನನ್ನು ಸಾಕಿದ ಮನುಷ್ಯರೇ ಹೌದು ಎಂದುಕೊಂಡೆ.

"ಆಳ ಇಲ್ಲ ಮಾವ" ಎಂದೆ. "ಮಾಯತದ. ಕಲೆ ಉಳಿಯಂಗಿಲ್ಲ. ಆಕೆ ಮತ್ತ ಕೆಲಸಾ ಮಾಡಬಹುದು."

ಅವರು ನನ್ನ ಮುಖ ನೋಡಿದರು. ದೀಪದ ಬೆಳಕಿನಲ್ಲಿ ಅವರ ಕಣ್ಣಲ್ಲಿ ನಾನು ಸ್ಪಷ್ಟವಾಗಿ ಕಂಡದ್ದು ನಿರಾಶೆ.